ನೀರು ನೋಡುವ ಕೆಲಸ

8 ಜುಲೈ 2025, ಮಂಗಳವಾರ. ಹೊನ್ನಾಳಿ

ಬೇಸಿಗೆ ಬೆಳೆಯ ಭತ್ತ ಬಹುಪಾಲು ಅಕ್ಕಿಯಾಗಿ ಲಾರಿ ಹತ್ತಿದೆ. ಬಾಯ್ಲರ್ ಬಿಚ್ಚಲು ಇದೇ ಹೊತ್ತು. ಗಿರಣಿ ಮಾಲೀಕರಿಗೆ ತಿಂಗಳೊಳಗೆ ಸರ್ಟಿಫಿಕೇಟ್ ಬೇಕು, ಹಳೆಯದರ ಹನ್ನೆರಡು ತಿಂಗಳು ಮುಗಿಯುತ್ತ ಬಂತು. ಇಲಾಖೆಯ ಇನ್‌ಸ್ಪೆಕ್ಟರ್ ಬರುವ ಮೊದಲು ಒಳಗೆ ಕೆರೆಸಿ, ತೊಳೆಸಿ, ಕಂಡದ್ದನ್ನು ಬರೆದು ಕೊಡುವುದು ನನ್ನ ಪಾಲಿನ ಕೆಲಸ. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಡೈಜೆಸ್ಟರುಗಳ ಪಕ್ಕ ಕಲಿತದ್ದು ಈಗ ಹೀಗೆ ಊರೂರಿಗೆ ಹಂಚಿಹೋಗುತ್ತಿದೆ.

ಹೋದ ಕೂಡಲೇ ಒಂದು ಜಗಳ. ಗಿರಣಿಯಲ್ಲಿ ಎರಡು ಬಾಯ್ಲರ್, ಸ್ಟೀಮ್ ಹೆಡರ್ ಮಾತ್ರ ಒಂದೇ. ಉಳಿದಿರುವ ಸ್ವಲ್ಪ ಭತ್ತ ಬೇಯಿಸಲು ಪಕ್ಕದ್ದನ್ನು ಮಧ್ಯಾಹ್ನ ಹಚ್ಚುವ ಯೋಚನೆ ಅವರದು. "ವಾಲ್ವ್ ಬಂದ್ ಮಾಡೀವಲ್ರೀ ಸಾರ್" ಎಂದ ಫೈರ್‌ಮನ್. ವಾಲ್ವ್ ಮುಚ್ಚಿದರೆ ಸಾಲದು, ಪೈಪ್ ಬಿಚ್ಚಿ ಫ್ಲ್ಯಾಂಜ್ ನಡುವೆ ಬ್ಲಾಂಕ್ ಪ್ಲೇಟ್ ಹಾಕಬೇಕು. ವಾಲ್ವ್ ಸೀಟಿನಲ್ಲಿ ಚೂರು ಕಸ ಸಿಕ್ಕಿಕೊಂಡಿದ್ದರೂ ಕೆರೆಯಲು ಒಳಗಿಳಿದ ಹುಡುಗನ ಮೇಲೆ ಸ್ಟೀಮ್ ಬರುತ್ತದೆ. ಮೇ 1ರಿಂದ ಜಾರಿಗೆ ಬಂದ ಹೊಸ ಬಾಯ್ಲರ್ ಕಾಯ್ದೆ, 1923ರ ಕಾಯ್ದೆಯ ಕೆಲವು ಅಪರಾಧಗಳನ್ನು ಬರೀ ದಂಡಕ್ಕೆ ಇಳಿಸಿದೆ. ಇದನ್ನು ಮಾತ್ರ ಇಳಿಸಿಲ್ಲ. ಸ್ಟೀಮ್, ಬಿಸಿನೀರಿನ ಸಂಪರ್ಕ ಕಡಿಯದೆ ಮನುಷ್ಯನನ್ನು ಒಳಗೆ ಇಳಿಸುವುದು ಈಗಲೂ ಕ್ರಿಮಿನಲ್ ಅಪರಾಧ, ಸೇಫ್ಟಿ ವಾಲ್ವ್ ಕೆಡಿಸುವುದೂ ಹಾಗೆಯೇ. ಮಾಲೀಕರ ಹತ್ತಿರ ಕೊನೆಗೆ ಕೆಲಸ ಮಾಡಿದ್ದು ಜೈಲಿನ ಮಾತು. ಹುಡುಗನ ಜೀವದ ಮಾತನ್ನು ಮೊದಲೇ ಆಡಿದ್ದೆ, ಅದಕ್ಕೆ ಬರೀ ತಲೆ ಆಡಿಸಿದ್ದರು.

ಮ್ಯಾನ್‌ಹೋಲಿನಲ್ಲಿ ನನ್ನ ಹೊಟ್ಟೆ ಈಗ ಹಿಡಿಸುವುದಿಲ್ಲ. 24 ವೋಲ್ಟಿನ ಲ್ಯಾಂಪ್ ಹಿಡಿದು ಹುಡುಗನೇ ಇಳಿದ. "ಟ್ಯೂಬ್ ಮ್ಯಾಲೆ ಬಿಳಿ ಕಮ್ಮಿ ಐತ್ರಿ ಸಾರ್, ತಳದಾಗ ಕೆಸರು ಭಾಳ." ಅಂದುಕೊಂಡದ್ದೇ. ಇಲ್ಲಿಯದು ತುಂಗಭದ್ರೆಯ ನೀರು, ಮೆದು ನೀರು, ಸುಣ್ಣ ಕಟ್ಟುವುದು ಕಡಿಮೆ. ಆದರೆ ಮಳೆಗಾಲದಲ್ಲಿ ಹೊಳೆ ಕೆಂಪಾದಾಗ ತೊಟ್ಟಿಯಲ್ಲಿ ಮಣ್ಣು ತಂಗಲು ಬಿಡದೆ ನೇರ ಬಾಯ್ಲರಿಗೆ ತಳ್ಳಿದ್ದಾರೆ. ಆ ಮಣ್ಣೆಲ್ಲ ತಳದ ನೀರು ಹೊರಬಿಡುವ ಬ್ಲೋಡೌನ್ ಪೈಪಿನ ಬಾಯಲ್ಲಿ ಗಟ್ಟಿಯಾಗಿ ಕೂತಿದೆ. ಫೀಡ್ ನೀರು ಬೀಳುವ ಕಡೆ ಶೆಲ್ಲಿನಲ್ಲಿ ಗುಳಿಗಳು. ತಣ್ಣೀರಿನಲ್ಲಿ ಕರಗಿದ ಆಮ್ಲಜನಕ, ನೀರು ಕಾಯುತ್ತಿದ್ದಂತೆ ಹೊರಬಂದು ಮೊದಲು ಸಿಕ್ಕ ಕಬ್ಬಿಣವನ್ನು ತಿನ್ನುತ್ತದೆ. ಪಿಟ್ ಗೇಜ್ ಇಟ್ಟು ಅಳೆಸಿದೆ. ಈ ವರ್ಷಕ್ಕೆ ಭಯವಿಲ್ಲ. ಫೀಡ್ ಟ್ಯಾಂಕಿನಲ್ಲೇ ನೀರು ಕಾಯಿಸಿ ಬಿಡಿ ಎಂದು ಬರೆದಿದ್ದೇನೆ. ಹೊಟ್ಟಿನ ಬೆಂಕಿಯ ಹೊಗೆಕೊಳವೆಯಲ್ಲಿ ಬಿಟ್ಟಿ ಹೋಗುವ ಶಾಖ ಬೇಕಾದಷ್ಟಿದೆ.

ಗುಳಿಗಿಂತ ನನಗೆ ಹೆದರಿಕೆ ತಂದದ್ದು ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸು. ಎರಡಿರಬೇಕು. ಎಡಗಡೆಯದು ಒಡೆದು ಹೋಗಿ ಕಾಕ್ ಮುಚ್ಚಿಟ್ಟಿದ್ದಾರೆ. ಬಲಗಡೆಯದರ ಕೆಳಗಿನ ದಾರಿ ಅದೇ ಕೆಂಪು ಮಣ್ಣಿನಿಂದ ಮುಕ್ಕಾಲು ಕಟ್ಟಿದೆ. ಪೂರ್ತಿ ಕಟ್ಟಿದರೆ ಮೇಲಿನ ದಾರಿಯಿಂದ ಬಂದ ಸ್ಟೀಮ್ ತಣಿದು ನೀರಾಗಿ ಗ್ಲಾಸು ತಾನೇ ತುಂಬಿಕೊಳ್ಳುತ್ತದೆ. ಬಾಯ್ಲರ್ ಒಳಗೊಳಗೇ ಬತ್ತುತ್ತಿದ್ದರೂ ಹೊರಗೆ ನಿಂತವನಿಗೆ ತುಂಬಿದ ಗ್ಲಾಸು ಕಾಣುತ್ತದೆ. ಖಾಲಿ ಕಂಡರೆ ಯಾರಾದರೂ ಓಡಿಬಂದಾರು, ತುಂಬಿದ್ದು ಕಂಡರೆ ಬೀಡಿ ಹಚ್ಚಿ ಕೂರುತ್ತಾರೆ.

ಫೈರ್‌ಮನ್ನನ್ನು ಕೇಳಿದೆ: "ಗ್ಲಾಸಿನಲ್ಲಿ ನೀರೇ ಕಾಣಲಿಲ್ಲ ಅಂದ್ರೆ ಏನು ಮಾಡ್ತೀಯಪ್ಪ?"

"ಪಂಪ್ ಹಾಕ್ತೀನ್ರಿ."

ಮಾಡಬಾರದ್ದು ಅದೇ. ನೀರು ಇಳಿದು ಬರಿದಾದ ಟ್ಯೂಬು ಕೆಂಪಗೆ ಕಾದಿರುತ್ತದೆ. ಅದರ ಮೇಲೆ ತಣ್ಣೀರು ಬಿದ್ದರೆ ಲೋಹ ತಡೆಯದು, ಒಮ್ಮೆಲೇ ಹುಟ್ಟುವ ಸ್ಟೀಮನ್ನು ಸೇಫ್ಟಿ ವಾಲ್ವೂ ತಡೆಯದು. ಮೊದಲು ಹೊಟ್ಟು ನಿಲ್ಲಿಸು, ಫ್ಯಾನ್ ನಿಲ್ಲಿಸು, ಬೆಂಕಿ ಎಳೆದು ಹಾಕು, ಸ್ಟೀಮ್ ವಾಲ್ವ್ ಮುಟ್ಟಬೇಡ, ತಾನೇ ತಣಿಯಲಿ. ನಾಲ್ಕು ಸಲ ಅವನ ಬಾಯಲ್ಲೇ ಹೇಳಿಸಿದೆ. ಅಂದಹಾಗೆ, ಸರ್ಟಿಫಿಕೇಟ್ ಇರುವ ಅಟೆಂಡೆಂಟ್ ಇವನಲ್ಲ. ಅವರು ಗೋಡೆಯ ಮೇಲಿದ್ದಾರೆ, ಫ್ರೇಮಿನಲ್ಲಿ.

11 ಜುಲೈ, ಶುಕ್ರವಾರ. ಹೊನ್ನಾಳಿ

ಹೈಡ್ರಾಲಿಕ್ ಟೆಸ್ಟ್. ಬಾಯ್ಲರ್ ಬಾಯಿಮಟ್ಟ ನೀರು ತುಂಬಿಸಿ, ಮೇಲಿನ ಏರ್ ಕಾಕ್‌ನಲ್ಲಿ ಗುಳ್ಳೆ ನಿಂತ ಮೇಲೆ ಮುಚ್ಚಿ, ಕೈಪಂಪಿನಲ್ಲಿ ಕೆಲಸದ ಒತ್ತಡ ದಾಟಿಸಿದೆವು. ಮುಳ್ಳು ನಿಂತಲ್ಲೇ ನಿಲ್ಲಬೇಕು. ಸ್ವಲ್ಪ ಇಳಿಯಿತು. ಟಾರ್ಚ್ ಹಿಡಿದು ಹುಡುಕಿದರೆ ಹಿಂಬದಿ ಪ್ಲೇಟಿನಲ್ಲಿ ಎರಡು ಟ್ಯೂಬಿನ ಬಾಯಿ ಬೆವರುತ್ತಿತ್ತು. ಒತ್ತಡ ಇಳಿಸಿ, ಎಕ್ಸ್‌ಪ್ಯಾಂಡರ್ ಹಾಕಿ ಮತ್ತೆ ಬಿಗಿ ಮಾಡಿಸಿ, ಮತ್ತೆ ಏರಿಸಿದೆವು. ನಿಂತಿತು.

ಹೊಸ ಗ್ಲಾಸು ಎರಡೂ ಬಂದಿವೆ. ಪಾಳಿ ಬದಲಾದಾಗಲೆಲ್ಲ ಗ್ಲಾಸಿನ ಕಾಕ್ ಬಿಟ್ಟು ನೀರು ಹೋಗಿ ಮತ್ತೆ ಬರುವುದನ್ನು ನೋಡಬೇಕು ಎಂದು ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಸಿ ಬಂದೆ. ಲ್ಯಾಮಿನೇಟ್ ಮಾಡಿಸಿದ ಬೋರ್ಡು ಯಾರೂ ಓದುವುದಿಲ್ಲ, ಇದ್ದಿಲಿನಲ್ಲಿ ಬರೆದದ್ದನ್ನು ಓದುತ್ತಾರೆ. ಯಾಕೋ.

ಸೇತುವೆ ಮೇಲೆ ಕಾರು ನಿಲ್ಲಿಸಿ ಹೊಳೆ ನೋಡುತ್ತ ಮಂಡಕ್ಕಿ ಮಿರ್ಚಿ. ಸಕ್ಕರೆ ಕಾಯಿಲೆಯವನಿಗೆ ಮಿರ್ಚಿ ವರ್ಜ್ಯವಲ್ಲ ಎಂದು ನನ್ನದೇ ಒಂದು ಶಾಸ್ತ್ರ.

16 ಜುಲೈ, ಬುಧವಾರ. ಚನ್ನಗಿರಿ

ಕಾರಿನ ಹಿಂದಿನ ಚಕ್ರಕ್ಕೆ ಮೊಳೆ. ಲಾರಿಗಳು ನಿಲ್ಲುವ ಕಡೆಯ ಪಂಕ್ಚರ್ ಅಂಗಡಿಗೆ ಹೋದೆ. ಅಂಗಡಿಯ ಸಾಬರು ಟ್ಯೂಬ್ ಬಿಚ್ಚುತ್ತಿದ್ದಾಗ ನನ್ನ ಕಣ್ಣು ಕಂಪ್ರೆಸರ್ ಟ್ಯಾಂಕಿನ ಮೇಲೆ. ಈ ಚಟ ಹೋಗುವುದಿಲ್ಲ. ಮದುವೆ ಮನೆಯಲ್ಲೂ ಅಡುಗೆಯವರ ಸಿಲಿಂಡರ್ ಮೇಲಿನ ಅಕ್ಷರ ಓದುತ್ತೇನೆ ಎಂದು ಮನೆಯಲ್ಲಿ ಬೈಸಿಕೊಳ್ಳುತ್ತೇನೆ. ಎ ಎಂದರೆ ವರ್ಷದ ಮೊದಲ ಮೂರು ತಿಂಗಳು, ಡಿ ಎಂದರೆ ಕೊನೆಯ ಮೂರು, ಪಕ್ಕದಲ್ಲಿ ವರ್ಷ. ಮುಂದಿನ ತಪಾಸಣೆ ಅಷ್ಟರೊಳಗೆ ಆಗಬೇಕು ಎಂದು ಅರ್ಥ. ಸಿಲಿಂಡರಿಗೆ ಅಷ್ಟಾದರೂ ಗುರುತಿದೆ. ಈ ಟ್ಯಾಂಕಿನ ಮೇಲೆ ತಯಾರಕರ ಪ್ಲೇಟೇ ಇಲ್ಲ.

"ಸಾಬ್ರೆ, ತಳದ ಕಾಕ್ ಬಿಟ್ಟು ನೀರು ತೆಗೀತೀರಾ?"

"ಗಾಳಿ ಟ್ಯಾಂಕು ಸಾರ್ ಇದು. ನೀರೆಲ್ಲಿಂದ ಬರ್ತದೆ?"

ಮಳೆಗಾಲದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 20 ಗ್ರಾಂ ನೀರಿರುತ್ತದೆ. ಆ ಗಾಳಿಯನ್ನು 8 ಕೆಜಿ ಒತ್ತಡಕ್ಕೆ ಹಿಂಡಿದರೆ ಒಂಬತ್ತನೇ ಒಂದು ಪಾಲಿನಷ್ಟು ಜಾಗಕ್ಕೆ ಇಳಿಯುತ್ತದೆ. ಅಷ್ಟು ಜಾಗದಲ್ಲಿ ನಿಲ್ಲಬಲ್ಲ ತೇವ ಮೂರು ನಾಲ್ಕು ಗ್ರಾಂ, ಮಿಕ್ಕದ್ದು ತಣಿಯುತ್ತ ತಳಕ್ಕೆ. ಇಂಥ ಮೆಷಿನ್ ಬಿಡದೆ ಓಡಿದರೆ ಗಂಟೆಗೆ ಕಾಲು ಲೀಟರ್ ಸುಲಭವಾಗಿ ಬೀಳುತ್ತದೆ. ಕಾಕ್ ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಗಾಳಿಯೆಲ್ಲ ಬಿಡಿಸಿ, ಸೀಮೆಎಣ್ಣೆ ಬಿಟ್ಟು, ಪಾನಾ ಹಾಕಿ ತಿರುಗಿಸಿದರೆ ಅರ್ಧ ಬಕೆಟ್ ಕೆಂಪು ನೀರು. ಅಂಗಡಿಯ ಹುಡುಗ ಗಾಬರಿಯಾಗಿ ನೋಡಿದ.

ಕಾರಿನಲ್ಲಿ ಥಿಕ್‌ನೆಸ್ ಮೀಟರ್ ಇತ್ತು. ಪಕ್ಕದ ಪ್ಲೇಟು 4.8 ಮಿ.ಮೀ., ಹೊಸದಿದ್ದಾಗ 5 ಇದ್ದಿರಬೇಕು. ತಳದಲ್ಲಿ ಅಂಗೈ ಅಗಲದ ಪಟ್ಟಿಯುದ್ದಕ್ಕೂ ಇಳಿಯುತ್ತ ಒಂದು ಕಡೆ 2.1. ಅರ್ಧ ಮೀಟರ್ ವ್ಯಾಸ, 8 ಕೆಜಿ ಒತ್ತಡ, ವೆಲ್ಡಿಂಗಿನ ಬಲ ಪೂರ್ತಿ ನಂಬದೆ ಲೆಕ್ಕ ಹಾಕಿದರೆ ಮೂರರ ಹತ್ತಿರ ಬೇಕು. ಮೀಟರಿಗೆ ಸಿಕ್ಕದ್ದು 2.1, ಸಿಗದ ಗುಳಿಗಳು ಇನ್ನೆಷ್ಟು ಆಳವೋ. ಈ ಟ್ಯಾಂಕು ಇನ್ನು ಬೇಡ ಎಂದೆ.

ಅವರು ಸುಲಭಕ್ಕೆ ಒಪ್ಪುವವರಲ್ಲ. "ಒಂದ್ಸಲ 12 ಕೆಜಿ ಗಾಳಿ ತುಂಬಿ ನೋಡೋಣ ಸಾರ್. ತಡೀತು ಅಂದ್ರೆ ಸರಿ ಐತೆ ಅಂತ ತಾನೆ?" ಎಷ್ಟು ಜನ ಹೀಗೆ ಕೇಳುತ್ತಾರೆ! ಅಂಗಡಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದು ತೋರಿಸಿದೆ. 300 ಲೀಟರ್ ಟ್ಯಾಂಕಿನಲ್ಲಿ 8 ಕೆಜಿ ಗಾಳಿ ಎಂದರೆ ಒಂದು ಟನ್ ತೂಕವನ್ನು 30 ಮೀಟರ್ ಎತ್ತರಕ್ಕೆ ಎಸೆಯುವಷ್ಟು ಶಕ್ತಿ. ಅದೇ ಟ್ಯಾಂಕಿನಲ್ಲಿ ಗಾಳಿಯ ಬದಲು ನೀರು ತುಂಬಿ ಅದೇ ಒತ್ತಡ ಕೊಟ್ಟರೆ, ಆ ನೀರಿನಲ್ಲಿರುವ ಶಕ್ತಿ ಅದೇ ಒಂದು ಟನ್ನನ್ನು ಅರ್ಧ ಸೆಂಟಿಮೀಟರ್ ಎತ್ತುವುದಕ್ಕೂ ಸಾಲದು. ನೀರು ಕುಗ್ಗುವುದಿಲ್ಲ, ಆದ್ದರಿಂದ ಶಕ್ತಿ ಕೂಡಿಡುವುದಿಲ್ಲ. ಒಡೆದರೆ ಚಿಳ್ಳೆಂದು ಸುರಿದು ಮುಗಿಯಿತು. ಟೆಸ್ಟ್ ಮಾಡುವುದಾದರೆ ನೀರಿನಲ್ಲೇ ಮಾಡುವುದು ಇದಕ್ಕೆ. ಗಾಳಿಯಲ್ಲಿ ಮಾಡುವವನು ಟ್ಯಾಂಕನ್ನಲ್ಲ, ತನ್ನ ಹಣೆಬರಹವನ್ನು ಟೆಸ್ಟ್ ಮಾಡುತ್ತಿರುತ್ತಾನೆ.

ಕಾರ್ಖಾನೆಯಾಗಿದ್ದರೆ ನಿಯಮವಿದೆ: ಇಂಥ ಟ್ಯಾಂಕನ್ನು ಆರು ತಿಂಗಳಿಗೊಮ್ಮೆ ಹೊರಗಿನಿಂದ, ವರ್ಷಕ್ಕೊಮ್ಮೆ ಒಳಗಿನಿಂದ ಅರ್ಹ ವ್ಯಕ್ತಿ ನೋಡಬೇಕು, ಒಳಗೆ ನೋಡಲಾಗದಿದ್ದರೆ ನೀರಿನ ಟೆಸ್ಟ್. ಇಬ್ಬರು ಕೂತು ಪಂಕ್ಚರ್ ಹಾಕುವ ಅಂಗಡಿ ಕಾರ್ಖಾನೆಯಲ್ಲ. ಟ್ಯಾಂಕಿಗೆ ಅದು ಗೊತ್ತಿಲ್ಲ. ಜಿಲ್ಲೆಯ ಪ್ರತಿ ಹೆದ್ದಾರಿ ತಿರುವಿನಲ್ಲೂ ಇಂಥದ್ದೊಂದು ಕೂತಿದೆ. ಲಾರಿ ಕ್ಲೀನರುಗಳು ಅದರ ಮೇಲೆ ಟವೆಲ್ ಒಣಹಾಕುತ್ತಾರೆ.

ಪಂಕ್ಚರಿನ ದುಡ್ಡು ತೆಗೆದುಕೊಳ್ಳಲಿಲ್ಲ. ಟ್ಯಾಂಕ್ ಬದಲಿಸುತ್ತೇನೆ ಎಂದೂ ಹೇಳಲಿಲ್ಲ.

24 ಜುಲೈ, ಗುರುವಾರ. ಚನ್ನಗಿರಿ

ಅಡಿಕೆ ಕೊಯ್ಲಿಗೆ ಇನ್ನೂ ಸಮಯವಿದೆ, ಚೇಣಿ ಹಿಡಿಯುವವರ ತಯಾರಿ ಮಾತ್ರ ಈಗಲೇ ಶುರು. ದೂರದ ನೆಂಟರೊಬ್ಬರು ಕರೆದರು: "ಭಾವ, ಒಂದು ಹೊಸ ಏರ್ಪಾಡು ಮಾಡೇನಿ, ನೋಡಿ ಹೋಗ್ರಿ." ಅಡಿಕೆ ಬೇಯಿಸುವ ತಾಮ್ರದ ಹಂಡೆಗೆ ಸೌದೆ ಒಟ್ಟಿ ಒಟ್ಟಿ ಸಾಕಾಗಿ, ಒಂದು ಕಡೆ ಆವಿ ಮಾಡಿ ಮೂರು ಪಾತ್ರೆಗೆ ಪೈಪಿನಲ್ಲಿ ಬಿಡುವ ಉಪಾಯ. ಆಲೋಚನೆ ಕೆಟ್ಟದ್ದಲ್ಲ. ಮಾಡಿದ ರೀತಿ ನೋಡಿ ಗಂಟಲು ಒಣಗಿತು. ಹಳೆಯ ಡೀಸೆಲ್ ಟ್ಯಾಂಕು, ಎರಡು ತುದಿಗೂ ಚಪ್ಪಟೆ ಪ್ಲೇಟು, ಒಂದೇ ಮಗ್ಗುಲಿನಿಂದ ಹಾಕಿದ ವೆಲ್ಡಿಂಗು. ಸೇಫ್ಟಿ ವಾಲ್ವ್ ಕೇಳಿದರೆ ಕುಕ್ಕರಿನ ಸೀಟಿ ತೋರಿಸಿದರು. ಗೇಜ್ ಗ್ಲಾಸು ಇಲ್ಲ. "ಬಡಿದು ನೋಡಿದ್ರೆ ನೀರು ಎಲ್ಲಿಗೈತಿ ಗೊತ್ತಾಗ್ತದೆ."

"ಇದು ಬಾಯ್ಲರ್ ಅಲ್ಲ ಭಾವ, ಬರೀ ಡ್ರಮ್ಮು."

ಕಾಯ್ದೆಯ ಕಣ್ಣಿಗೆ ಹೆಸರು ಮುಖ್ಯವಲ್ಲ. 25 ಲೀಟರಿಗಿಂತ ಕಡಿಮೆ ಹಿಡಿಯುವುದಿದ್ದರೆ, ಅಥವಾ ಒತ್ತಡ 1 ಕೆಜಿಗಿಂತ ಕೆಳಗೇ ಇರುವಂತೆ ಮಾಡಿದ್ದಿದ್ದರೆ, ಅಥವಾ ನೀರು 100 ಡಿಗ್ರಿ ಮುಟ್ಟದಿದ್ದರೆ ಬಾಯ್ಲರ್ ಅಲ್ಲ. ಇದು ಇನ್ನೂರು ಲೀಟರ್ ದಾಟುತ್ತದೆ, ಅವರು ಇಟ್ಟುಕೊಂಡ ಅಂದಾಜು 3 ಕೆಜಿ. 90 ಸೆಂ.ಮೀ. ವ್ಯಾಸದ ಚಪ್ಪಟೆ ತುದಿಯ ಮೇಲೆ 3 ಕೆಜಿ ಒತ್ತಡ ಎಂದರೆ 19 ಟನ್, ತುಂಬಿದ ಲಾರಿಯ ತೂಕ. ಬಾಯ್ಲರುಗಳ ತುದಿ ಗುಮ್ಮಟದ ಹಾಗೆ ಉಬ್ಬಿರುವುದು ಚಂದಕ್ಕಲ್ಲ. ಚಪ್ಪಟೆ ಪ್ಲೇಟು ಒತ್ತಡಕ್ಕೆ ಬಾಗುತ್ತದೆ, ಪ್ರತಿದಿನ ಬಾಗಿ ನೆಟ್ಟಗಾಗುತ್ತ ವೆಲ್ಡಿಂಗಿನ ಅಂಚು ಬಿರಿಯುತ್ತದೆ.

ಅವರು ನಗುತ್ತಲೇ ಇದ್ದರು. ಆಗ ಭದ್ರಾವತಿಯ ಮಾತು ತೆಗೆದೆ. ಕಳೆದ ಡಿಸೆಂಬರಿನಲ್ಲಿ ಅಲ್ಲಿ ಚನ್ನಗಿರಿ ರಸ್ತೆಯ ಅಕ್ಕಿ ಗಿರಣಿಯ ಬಾಯ್ಲರ್ ಸಿಡಿದು ಒಬ್ಬರು ಸತ್ತರು, ಹಲವರು ಗಾಯಗೊಂಡರು. ನಾವಿಬ್ಬರೂ ಎಷ್ಟು ಸಲ ಓಡಾಡಿದ ರಸ್ತೆ ಅದು. ನಗು ನಿಂತಿತು. "ಅದು ದೊಡ್ಡ ಬಾಯ್ಲರು" ಎಂದರು ಮೆಲ್ಲಗೆ. ಹೌದು, ಆದರೆ ಸಿಡಿಯುವುದರ ಮೂಲ ಎರಡರಲ್ಲೂ ಒಂದೇ. 3 ಕೆಜಿ ಒತ್ತಡದಲ್ಲಿ ನೀರು ಕುದಿಯುವುದು 143 ಡಿಗ್ರಿಯಲ್ಲಿ. ಡ್ರಮ್ಮು ಒಡೆದ ಕ್ಷಣ ಒತ್ತಡ ಹೋಗುತ್ತದೆ, ಶಾಖ ಹೋಗುವುದಿಲ್ಲ. ನೂರು ಡಿಗ್ರಿಗಿಂತ ಮೇಲಿರುವ ಅಷ್ಟೂ ಶಾಖ ಆ ಕ್ಷಣವೇ ನೀರಿನ ಒಂದು ಭಾಗವನ್ನು ಆವಿ ಮಾಡುತ್ತದೆ, ಒಂದು ಲೀಟರ್ ನೀರು ಸಾವಿರದ ಆರುನೂರು ಲೀಟರಿಗೂ ಹೆಚ್ಚು ಆವಿಯಾಗುತ್ತದೆ. ಸೂಜಿ ತೂತಾದರೆ ಸಿಳ್ಳೆ ಬರುತ್ತದೆ. ಒಂದು ಹೊಲಿಗೆಯೇ ಬಿಟ್ಟರೆ ಅಡಿಕೆ ಮನೆ ಇರುವುದಿಲ್ಲ.

ರಾತ್ರಿ ಮನೆಗೆ ಬಂದು ಯೋಚಿಸಿದೆ. ಈ ದೇಶದಲ್ಲಿ ಬಾಯ್ಲರ್ ನೋಡಬೇಕು ಎಂಬ ಕಾನೂನು ಬಂದದ್ದೇ ಜನ ಸತ್ತ ಮೇಲೆ. 1863ರಲ್ಲಿ ಕಲ್ಕತ್ತದಲ್ಲಿ ಬಾಯ್ಲರ್ ಸಿಡಿಯಿತು, 1864ರಲ್ಲಿ ಬಂಗಾಳದ ಕಾಯ್ದೆ ಬಂತು. ಅಮೆರಿಕದ ಬ್ರಾಕ್ಟನ್‌ನಲ್ಲಿ 1905ರಲ್ಲಿ ಬೂಟಿನ ಕಾರ್ಖಾನೆಯ ಬಾಯ್ಲರ್ ಸಿಡಿದು 58 ಜನ ಸತ್ತರು, ಆಮೇಲೆ ಅವರ ಬಾಯ್ಲರ್ ಕೋಡು. ನಾವು ಇವತ್ತು ಉರುಹೊಡೆಯುವ ಒಂದೊಂದು ಕಲಮಿನ ಹಿಂದೆಯೂ ಯಾರದೋ ಮನೆಯ ಸೂತಕ ಇರಬೇಕು.

ನೆಂಟರಿಗೆ ಎರಡು ದಾರಿ ಹೇಳಿ ಬಂದಿದ್ದೆ. ನೋಂದಾಯಿಸಿದ ಬಾಯ್ಲರ್ ಕೊಳ್ಳಿ, ಇಲ್ಲವೇ ಬಾಯಿ ತೆರೆದ ಹಂಡೆಯಲ್ಲೇ ಬೇಯಿಸಿ. ಅಡಿಕೆ ಬೇಯಲು ನೂರು ಡಿಗ್ರಿ ಸಾಕು, ಒತ್ತಡ ಬೇಡವೇ ಬೇಡ. ಅವರ ಹೆಂಡತಿ ಒಳಗಿನಿಂದಲೇ, "ನಾನೂ ಅದನ್ನೇ ಹೇಳಿದ್ದೆ, ಅಣ್ಣ. ನಾನು ಹೇಳಿದ್ರೆ ಕೇಳ್ತಾರಾ?" ಎಂದರು. ಡ್ರಮ್ಮಿನ ಭವಿಷ್ಯ ಅವರ ಕೈಲಿದೆ ಎಂದು ಅನಿಸಿ ಧೈರ್ಯ ಬಂತು.

5 ಆಗಸ್ಟ್, ಮಂಗಳವಾರ. ನ್ಯಾಮತಿ

ಟೈರ್ ರೀಸೋಲ್ ಮಾಡುವ ಶೆಡ್ಡು. ನ್ಯಾಮತಿ ತಾಲ್ಲೂಕಾಗಿ ಏಳು ವರ್ಷವಾದರೂ ಅವರ ಬಿಲ್ ಪುಸ್ತಕದಲ್ಲಿ ಇನ್ನೂ "ಹೊನ್ನಾಳಿ ತಾಲ್ಲೂಕು". ಹಳೆಯದು ಮುಗಿಯಲಿ ಅಂತ.

ಇವತ್ತಿನದು ನೀರಿನ ಕತೆಯಲ್ಲ, ಬಾಗಿಲಿನ ಕತೆ. ಹೊಸ ರಬ್ಬರ್ ಅಂಟಿಸಿದ ಟೈರುಗಳನ್ನು ಚೇಂಬರಿನಲ್ಲಿ ತೂಗುಹಾಕಿ, ಬಾಗಿಲು ಮುಚ್ಚಿ, ಬಿಸಿ ಗಾಳಿ ಒತ್ತಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಬಾಗಿಲು 1.3 ಮೀಟರ್, ಒತ್ತಡ 6 ಕೆಜಿ. ಬಾಗಿಲಿನ ಮೇಲೆ ಬೀಳುವುದು ಸುಮಾರು 80 ಟನ್. ಅದಕ್ಕೇ ಅಲ್ಲಿ ಇಂಟರ್‌ಲಾಕ್ ಇರುತ್ತದೆ: ಚಿಕ್ಕ ಗಾಳಿಕಾಕ್ ತೆರೆದು ಉಳಿದದ್ದೆಲ್ಲ ಹೋಗುವವರೆಗೆ ಬಾಗಿಲಿನ ಹಿಡಿ ತಿರುಗದಂತೆ. ಇಲ್ಲಿ ಆ ಪಿನ್ನನ್ನು ಬೈಂಡಿಂಗ್ ವೈರಿನಿಂದ ಹಿಂದಕ್ಕೆ ಎಳೆದು ಕಟ್ಟಿದ್ದರು. ಗಾಳಿ ಪೂರ್ತಿ ಇಳಿಯಲು ಕಾಯುವ ಹೊತ್ತು ಉಳಿಸಲು.

"ಮುಳ್ಳು ಸೊನ್ನೆಗೆ ಬಂದ ಮ್ಯಾಲೇ ತೆಗೀತೀವ್ರಿ" ಎಂದ ಹುಡುಗ ಪ್ರಾಮಾಣಿಕವಾಗಿಯೇ. ಆ ಮುಳ್ಳು ನಂಬಿಕೆಗೆ ಅರ್ಹವಾಗಿರಲಿಲ್ಲ. ಗೇಜ್ ಬಿಚ್ಚಿ ನನ್ನದನ್ನು ಹಾಕಿ ನೋಡಿದರೆ, ಅವರದು ಸೊನ್ನೆ ತೋರಿಸುವಾಗ ನನ್ನದು 0.2. ಎಷ್ಟು ಕಡಿಮೆ ಅಲ್ಲವೇ? ಆ ಅಗಲದ ಬಾಗಿಲಿಗೆ 0.2 ಎಂದರೆ ಎರಡೂವರೆ ಟನ್ ದಾಟುತ್ತದೆ. ಹಿಡಿ ತಿರುಗಿಸಿದ ಮರುಕ್ಷಣ ಅಷ್ಟು ಭಾರ ಎದುರಿಗೆ ನಿಂತವನ ಎದೆಗೆ. ದೊಡ್ಡ ಒತ್ತಡಕ್ಕೆ ಎಲ್ಲರೂ ಹೆದರುತ್ತಾರೆ, ಯಾರೂ ಲೆಕ್ಕಕ್ಕಿಡದ ಈ ಚಿಲ್ಲರೆ ಒತ್ತಡವೇ ಜನರನ್ನು ಕೊಲ್ಲುವುದು.

ವೈರ್ ನಾನೇ ಕತ್ತರಿಸಿದೆ. ಚೂರು ಜೇಬಿಗೆ ಹಾಕಿಕೊಂಡೆ. ಬಾಗಿಲಿನ ಲಗ್ಗುಗಳಿಗೆ ಡೈ ಪೆನಿಟ್ರಂಟ್ ಬಳಿದು ನೋಡಿದೆವು, ಬಿರುಕಿಲ್ಲ. ವರದಿಯಲ್ಲಿ "ಇಂಟರ್‌ಲಾಕ್ ಸರಿಪಡಿಸಿ, ಗೇಜ್ ಬದಲಿಸಿ ತೋರಿಸುವವರೆಗೆ ಬಳಸಕೂಡದು" ಎಂದು ಬರೆದೆ. ಮಾಲೀಕರ ಮುಖ ಸಪ್ಪಗಾಯಿತು. ಚಹಾ ಬರಲಿಲ್ಲ.

13 ಆಗಸ್ಟ್, ಬುಧವಾರ. ಜಗಳೂರು

ದಾವಣಗೆರೆ ದಾಟಿ ಜಗಳೂರಿನ ಕಡೆ ಹೊರಳುತ್ತಿದ್ದಂತೆ ಗದ್ದೆ ಹೋಗಿ ಮೆಕ್ಕೆಜೋಳ, ಶೇಂಗಾ. ಕೆಲಸ ಒಂದು ವಸತಿ ನಿಲಯದ ಅಡುಗೆಮನೆಯದು. ಅನ್ನ, ಸಾಂಬಾರು ಎಲ್ಲ ಸ್ಟೀಮಿನಲ್ಲಿ. ಚಿಕ್ಕ ಬಾಯ್ಲರು, ಎರಡು ಪದರದ ದೊಡ್ಡ ಪಾತ್ರೆಗಳು. ಬಾಯ್ಲರ್ ಸದ್ದು ಮಾಡುತ್ತದೆ, ಗ್ಯಾಸು ಮೊದಲಿಗಿಂತ ಜಾಸ್ತಿ ಹೋಗುತ್ತದೆ ಎಂದು ಕರೆ ಬಂದಿತ್ತು.

ಹ್ಯಾಂಡ್‌ಹೋಲ್ ತೆಗೆದರೆ ಒಳಗೆಲ್ಲ ಬಿಳಿ. ಟ್ಯೂಬಿನ ಮೇಲೆ ಬೆರಳು ದಪ್ಪ ಅಲ್ಲದಿದ್ದರೂ ಮೊಟ್ಟೆ ಚಿಪ್ಪಿನ ನಾಲ್ಕೈದರಷ್ಟು ಸುಣ್ಣ, ತಳದಲ್ಲಿ ಉದುರಿದ ಹೊಪ್ಪಳೆಗಳ ರಾಶಿ. ಇಲ್ಲಿಯ ಕೊಳವೆಬಾವಿಯ ನೀರು ಅಂಥದು. ಬಟ್ಟೆಗೆ ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ಸುಣ್ಣ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ ಶಾಖ ದಾಟಿಸುತ್ತದೆ. ಬೆಂಕಿಯ ಶಾಖ ನೀರಿಗೆ ಹೋಗಲಾರದೆ ಟ್ಯೂಬಿನಲ್ಲೇ ನಿಲ್ಲುತ್ತದೆ, ಟ್ಯೂಬ್ ಕಾದು ಮೆತ್ತಗಾಗಿ ಒಂದು ದಿನ ಉಬ್ಬುತ್ತದೆ. ಗ್ಯಾಸ್ ಹೆಚ್ಚು ಹೋಗುವುದು ಮೊದಲ ಎಚ್ಚರಿಕೆ, ಅದೃಷ್ಟಕ್ಕೆ ಬಿಲ್ಲಿನ ರೂಪದಲ್ಲಿ ಬಂದದ್ದರಿಂದ ಕಚೇರಿ ಕಿವಿಗೊಟ್ಟಿದೆ.

ಸಾಫ್ಟನರ್ ಇತ್ತು. ಅದರಿಂದ ಹೊರಬಂದ ನೀರನ್ನು ಪರೀಕ್ಷೆ ಬಾಟಲಿಗೆ ಹಿಡಿದು ಹನಿ ಹಾಕಿದೆ. ನೀಲಿಯಾಗಬೇಕಿತ್ತು, ದ್ರಾಕ್ಷಿ ರಸದ ಕೆಂಪು ಬಂತು. ಒಳಗೆ ಹೋದ ನೀರು ಹೇಗಿತ್ತೋ ಹಾಗೇ ಹೊರಗೆ ಬರುತ್ತಿದೆ. ಸಾಫ್ಟನರಿನ ರಾಳ ನೀರಿನ ಸುಣ್ಣ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ಹಿಡಿದು ಹಿಡಿದು ತುಂಬಿದಾಗ ಉಪ್ಪುನೀರಿನಲ್ಲಿ ತೊಳೆದರೆ ಮತ್ತೆ ಸಿದ್ಧ. ಪ್ರತಿ ಸಲ ನಾಲ್ಕೈದು ಕೆಜಿ ಸಾದಾ ಉಪ್ಪು ಬೇಕು.

ಬಾಯ್ಲರ್ ನೋಡಿಕೊಳ್ಳುವುದೂ ಅಡುಗೆಯಮ್ಮನೇ. "ಉಪ್ಪು ಹಾಕ್ತಾ ಇದ್ದೆ ಸಾರ್. ಅಡುಗೆ ಉಪ್ಪಿನ ಲೆಕ್ಕ ಜಾಸ್ತಿ ಬಂತು ಅಂತ ಬೈದರು. ಬಿಟ್ಟೆ." ಆಮೇಲೆ ತಾವೇ ನಕ್ಕು, "ಉಪ್ಪು ತಿಂದೋರು ನೀರು ಕುಡೀಬೇಕು ಅಂತಾರೆ. ಇದು ನೀರು ಕುಡಿಯೋಕೆ ಉಪ್ಪು ತಿನ್ನಬೇಕು ನೋಡ್ರಿ" ಎಂದರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿಕೊಡಲಿಲ್ಲ.

"ಬ್ಲೋಡೌನ್ ದಿನಾ ಬಿಡ್ತೀರಾ ಅಮ್ಮಾ?"

ಅವರು ನೆಲ ನೋಡಿದರು. ಬಾಯ್ಲರಿನಲ್ಲಿ ಆವಿ ಹೋಗುತ್ತದೆ, ಲವಣ ಉಳಿಯುತ್ತದೆ. ಆದ್ದರಿಂದ ದಿನಕ್ಕಿಷ್ಟು ನೀರನ್ನು ತಳದಿಂದ ಹೊರಗೆ ಚೆಲ್ಲಲೇಬೇಕು. ಹೊನ್ನಾಳಿಯ ಫೈರ್‌ಮನ್ ಬ್ಲೋಡೌನ್ ಬಿಡದಿದ್ದರೆ ಅದು ಸೋಮಾರಿತನ. ಇಲ್ಲಿ ಹಾಗಲ್ಲ. ಈ ಅಮ್ಮ ಹುಟ್ಟಿ ಬೆಳೆದದ್ದು ಟ್ಯಾಂಕರ್ ಮುಂದೆ ಕೊಡ ಸಾಲಿಟ್ಟ ಊರಿನಲ್ಲಿ. ಬಿಸಿ ಬಿಸಿ ನೀರನ್ನು ಬಕೆಟುಗಟ್ಟಲೆ ಚರಂಡಿಗೆ ಬಿಡು ಎಂದರೆ ಕೈ ಬರುವುದಿಲ್ಲ. ಪುಸ್ತಕದಲ್ಲಿ ಬ್ಲೋಡೌನಿಗೆ ಶೇಕಡಾವಾರು ಲೆಕ್ಕವಿದೆ, ಇದಕ್ಕೆ ಕೋಷ್ಟಕವಿಲ್ಲ. "ಕುಡಿಯೋ ನೀರಿನ ಘಟಕದಿಂದ ಫಿಲ್ಟರ್ ನೀರು ತಂದು ಹಾಕೋಣ ಅಂದ್ರು ಸಾರ್, ನಾನೇ ಬ್ಯಾಡ ಅಂದೆ. ಹುಡುಗ್ರು ಕುಡಿಯೋ ನೀರು." ಇಲ್ಲಿಯ ಅಂತರ್ಜಲದಲ್ಲಿ ಫ್ಲೋರೈಡ್, ಹಾಗಾಗಿ ಆ ಘಟಕದ ನೀರಿಗೆ ಹಳ್ಳಿ ಹಳ್ಳಿಯಲ್ಲೂ ಕ್ಯೂ. ಅವರು ಮಾಡಿದ್ದು ಸರಿ ಎಂದೆ. ಹಾಗೆ ಬರೀ ಆರ್‌ಒ ನೀರನ್ನು ಔಷಧಿ ಹಾಕದೆ ಬಿಟ್ಟರೆ ಸುಣ್ಣ ಕಟ್ಟುವ ಬದಲು ಕಬ್ಬಿಣವನ್ನೇ ತಿನ್ನುತ್ತದೆ.

ಅಡುಗೆಮನೆಯ ಇನ್ನೊಂದು ತುದಿಯಲ್ಲಿ ಉತ್ತರ ತೊಟ್ಟಿಕ್ಕುತ್ತಿತ್ತು. ಪಾತ್ರೆಯ ಎರಡು ಪದರದ ನಡುವೆ ಸ್ಟೀಮ್ ತಣಿದು ನೀರಾಗಿ ಟ್ರ್ಯಾಪಿನಿಂದ ಚರಂಡಿಗೆ ಹೋಗುತ್ತಿದೆ. ಸುಣ್ಣವಿಲ್ಲದ, ಆಗಲೇ ಬಿಸಿಯಾಗಿರುವ ನೀರು, ಅದನ್ನು ಮಾತ್ರ ಯಾರೂ ನೀರು ಎಂದು ಎಣಿಸಿಲ್ಲ. ಒಂದು ಪೈಪ್ ಹಾಕಿ ಫೀಡ್ ಟ್ಯಾಂಕಿಗೆ ತಿರುಗಿಸಿದರೆ ಹೊಸ ನೀರು ಬಹುಪಾಲು ಬೇಡ. ಸುಣ್ಣ ಕಡಿಮೆ, ಉಪ್ಪು ಕಡಿಮೆ, ಬ್ಲೋಡೌನ್ ಕಡಿಮೆ, ಗ್ಯಾಸೂ ಕಡಿಮೆ. ಬ್ಲೋಡೌನ್ ನೀರನ್ನು ಗುಂಡಿಯಲ್ಲಿ ತಣಿಸಿ ಅಂಗಳ ತೊಳೆಯಬಹುದು. ಅಮ್ಮನ ಮುಖ ಅರಳಿತು. "ಚೆಲ್ಲಿದ ಹಂಗೂ ಆಗಲ್ಲ ಅಲ್ಲಾ ಸಾರ್?"

ಸುಣ್ಣ ತೆಗೆಯಲು ಆಸಿಡ್ ವಾಶ್ ಮಾಡಬೇಕು. ಇನ್‌ಹಿಬಿಟರ್ ಹಾಕಿ, ಗಾಳಿಯಾಡುವ ಕಡೆ, ಮಕ್ಕಳು ಊರಿಗೆ ಹೋಗಿರುವಾಗ. ಗಣಪತಿ ಹಬ್ಬದ ರಜೆಗೆ ಇಟ್ಟುಕೊಂಡಿದ್ದೇವೆ. ಅಲ್ಲಿಯವರೆಗೆ ಸೌದೆ ಒಲೆ.

14 ಆಗಸ್ಟ್, ಗುರುವಾರ. ದಾವಣಗೆರೆ

ನಿನ್ನೆ ಬರುವಾಗ ಒಂದು ಕೆರೆಯ ಏರಿಯ ಮೇಲೆ ಇಳಿದು ನಿಂತಿದ್ದೆ. ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯಿಂದ ಪೈಪಿನಲ್ಲಿ ನೀರು ಎತ್ತಿ ತುಂಬಿಸುವ ಯೋಜನೆಯ ಮಾತು ಈ ಕಡೆ ಯಾವ ಚಹಾದಂಗಡಿಯಲ್ಲೂ ಕೇಳುತ್ತದೆ. ಹೊನ್ನಾಳಿಯಲ್ಲಿ ನಾನು ಮಿರ್ಚಿ ತಿನ್ನುತ್ತ ನೋಡಿದ ಅದೇ ಹೊಳೆ. ಆ ಮೆದು ನೀರು ಮುಂದೆ ಇಲ್ಲಿಯ ಬಾವಿಗಳಿಗೆ ಇಂಗಿದರೆ ಬಾಯ್ಲರುಗಳ ಒಳಗೂ ವ್ಯತ್ಯಾಸ ಕಾಣಬಹುದು ಎಂದು ನನಗೆ ಆಸೆ. ಯೋಜನೆಯ ವರದಿ ಬರೆದವರು ಇದನ್ನು ಎಣಿಸಿರಲಾರರು.

ಬೆಣ್ಣೆ ದೋಸೆ ಒಂದಕ್ಕೇ ನಿಲ್ಲಿಸಿದೆ.

29 ಆಗಸ್ಟ್, ಶುಕ್ರವಾರ. ಚನ್ನಗಿರಿ

ಪಂಕ್ಚರ್ ಅಂಗಡಿಯ ಮುಂದೆ ಹೊಸ ಕಂಪ್ರೆಸರ್ ಟ್ಯಾಂಕು, ಪ್ಲೇಟು, ನಂಬರು ಎಲ್ಲ ಇರುವುದು. ಹಬ್ಬದ ಮೆರವಣಿಗೆಯ ಗುಲಾಲು ಅದರ ಮೇಲೂ ಬಿದ್ದಿದೆ. ಹುಡುಗ ನನ್ನನ್ನು ಕಂಡವನೇ ಓಡಿಹೋಗಿ ತಳದ ಕಾಕ್ ಬಿಟ್ಟು ತೋರಿಸಿದ.

ಹಳೆಯದೆಲ್ಲಿ ಎಂದರೆ ಗುಜರಿಗೆ ಹಾಕಿದ್ದಾರೆ. ಗುಜರಿ ಅಂಗಡಿಗೆ ಹೋದೆ. ಇದ್ದೇ ಇತ್ತು, ಮೇಲೆ ಹೊಸ ನೀಲಿ ಬಣ್ಣ! ಹೊನ್ನಾಳಿ ಕಡೆಯ ಯಾರೋ ಸ್ಪ್ರೇ ಪೇಂಟಿಂಗಿಗೆ ಕೇಳಿದ್ದಾರಂತೆ. ಚೌಕಾಸಿ ಮಾಡದೆ ಗುಜರಿ ರೇಟಿನಲ್ಲಿ ನಾನೇ ಕೊಂಡೆ. ಎದುರಿನ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಹೋಳು ಮಾಡಿಸಿದೆ. ತಳದ ಪಟ್ಟಿ ಒಳಗಿನಿಂದ ನೋಡಿದರೆ ಸಿಡುಬಿನ ಕಲೆ, ಒಂದು ಕಡೆ ಗುಳಿಯ ಆಚೆ ಉಳಿದದ್ದು 1 ಮಿ.ಮೀ. ಕೂಡ ಇಲ್ಲ. ಒಂದು ಹೋಳನ್ನು ಪಂಕ್ಚರ್ ಅಂಗಡಿಗೆ ಕೊಟ್ಟೆ. ಟ್ಯೂಬಿನ ತೂತು ಹುಡುಕುವ ನೀರಿನ ತೊಟ್ಟಿಯಾಗಿ ಬಳಸುತ್ತಾರಂತೆ. ಇನ್ನೊಂದು ಕಾರಿನ ಡಿಕ್ಕಿಯಲ್ಲಿದೆ, ಮಾತಿಗೆ ಒಪ್ಪದವರಿಗೆ ತೋರಿಸಲು. ಮನೆಯಲ್ಲಿ ಇನ್ನೂ ಹೇಳಿಲ್ಲ.

20 ಸೆಪ್ಟೆಂಬರ್, ಶನಿವಾರ. ಚನ್ನಗಿರಿ

ಜಗಳೂರಿನ ಅಡುಗೆಯಮ್ಮನ ಫೋನು. ಆಸಿಡ್ ವಾಶ್ ಆದ ಮೇಲೆ ಬಾಯ್ಲರ್ ಸದ್ದು ಹೋಗಿದೆ, ಅನ್ನ ಬೇಗ ಆಗುತ್ತಿದೆ. ಪೈಪ್ ಹಾಕಿಸಿದ್ದಾರೆ. ಹನಿ ಹಾಕಿದರೆ ನೀಲಿ ಬರುತ್ತಿದೆ, ದಿನಾ ಬೆಳಿಗ್ಗೆ ಅವರೇ ಹಾಕಿ ನೋಡುತ್ತಾರೆ. ಆದರೆ ಹೊಸ ತಕರಾರು: 50 ಕೆಜಿ ಉಪ್ಪಿನ ಮೂಟೆಯ ಬಿಲ್ಲಿಗೆ ಆಡಿಟಿನವರು ಆಕ್ಷೇಪಣೆ ಬರೆದಿದ್ದಾರೆ. ಇಷ್ಟು ಮಕ್ಕಳ ಊಟಕ್ಕೆ ಇಷ್ಟು ಉಪ್ಪು ಹೇಗೆ ಖರ್ಚಾಯಿತು ಎಂದು ವಿವರಣೆ ಬೇಕಂತೆ.

ಸಂಜೆಯೆಲ್ಲ ಕೂತು ಪತ್ರ ಬರೆದೆ. ಸಾಫ್ಟನರ್ ಎಂದರೇನು, ರಾಳಕ್ಕೆ ಉಪ್ಪು ಯಾಕೆ, ಎಷ್ಟು ದಿನಕ್ಕೊಮ್ಮೆ, ಎಷ್ಟು ಕೆಜಿ, ಅದರಿಂದ ಉಳಿದ ಗ್ಯಾಸ್ ಎಷ್ಟು ಎಂದು ಹಳೆಯ ಹೊಸ ಬಿಲ್ಲು ಎರಡನ್ನೂ ಹೋಲಿಸಿ. ಉಪ್ಪನ್ನು "ಆಹಾರ ಸಾಮಗ್ರಿ" ತಲೆಬರಹದಿಂದ ತೆಗೆದು "ಯಂತ್ರೋಪಕರಣ ನಿರ್ವಹಣೆ"ಗೆ ಹಾಕಲು ಕೋರಿಕೆ. ಸಹಿ ಹಾಕಿ ಸೀಲ್ ಒತ್ತಿದೆ. ಸೋಮವಾರ ಜಗಳೂರು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಬೇಕು. ನ್ಯಾಮತಿಯವರೂ ಫೋನ್ ಮಾಡಿದ್ದರು, ಹೊಸ ಗೇಜ್ ಬಂದಿದೆಯಂತೆ. ಮಂಗಳವಾರ ಹೋಗಿ ಬಾಗಿಲು ನೋಡಬೇಕು.